ಸಂಬಳ ಉಂಟಲ್ಲ, ಮತ್ತೆ ಸಂಭಾವನೆ ಎಂತಕ್ಕೆ?

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಓದುಗರ ಅಂಕಣದಲ್ಲಿ ಒಬ್ರು ಬರ್ದಿದ್ರು, ಈಗ ಹವ್ಯಾಸಿ ಯಕ್ಷಗಾನ ವೇಷಧಾರಿಗಳೂ ದುಡ್ಡು ಕೇಳ್ಲಿಕ್ಕೆ ಶುರು ಮಾಡಿದ್ದಾರೆ, ಆಫೀಸಲ್ಲಿ ಸಂಬಳ ಬರುವವ್ರಿಗೆ ಇದೆಲ್ಲ ಎಂತಕ್ಕೆ, ಕಲಾಸೇವೆ ಅಂತ ಮಾಡ್ಬಾರ್ದಾ ಅಂತ. ಓದಿ ಮೊದ್ಲು ಸಿಟ್ಟು ಬಂತು, ಆಮೇಲೆ ನಗು ಬಂತು, ಯಾಕಂದ್ರೆ ಹದಿನಾಲ್ಕು ವರ್ಷದಿಂದ ಇದೇ ಮಾತನ್ನ ಚೌಕಿಯಲ್ಲಿ, ಅಂದ್ರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಕೂತು ಕೇಳ್ತಾ ಇದ್ದೇನೆ.

ನಾನು ಕುಂದಾಪುರ ಕಡೆಯವ, ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತ, ಬಡಗುತಿಟ್ಟಿನ, ಅಂದ್ರೆ ಯಕ್ಷಗಾನದ ಬಡಗು ಶೈಲಿಯ, ವೇಷ ಮಾಡ್ತೇನೆ. ಆಟ (ಯಕ್ಷಗಾನ ಪ್ರದರ್ಶನ) ಇದ್ದ ದಿನ ಐದೂವರೆಗೆ ಕೌಂಟರ್ ಮುಚ್ಚಿ, ಲೆಕ್ಕ ಟ್ಯಾಲಿ ಮಾಡಿ, ಬೈಕ್ ಹತ್ತಿ ಚೌಕಿಗೆ ಮುಟ್ಟುವಾಗ ಆರೂವರೆ ಆಗ್ತದೆ, ಅಷ್ಟೊತ್ತಿಗೆ ಉಳಿದವ್ರು ಅರ್ಧ ಬಣ್ಣ ಮುಗ್ಸಿರ್ತಾರೆ, ನಾನು ಶರ್ಟ್ ಬಿಚ್ಚಿ ಮುಖಕ್ಕೆ ಸಫೇದ ಹಚ್ತಾ ಹಚ್ತಾ ಬಾಯಲ್ಲಿ ಅರ್ಥ, ಅಂದ್ರೆ ಪಾತ್ರದ ಮಾತು, ಹೇಳಿಕೊಳ್ತಾ ಇರ್ತೇನೆ. ಹಗಲಿಡೀ ಜನರ ಹತ್ರ "ಆಧಾರ್ ಜೆರಾಕ್ಸ್ ತಂದಿದ್ದೀರಾ" ಅಂತ ಕೇಳಿದ ಬಾಯಿ ಅದು, ಅದ್ರಿಂದ ಪುರಾಣದ ವೀರ ಸುಧನ್ವನ ಮಾತು ಹೊರಡ್ಬೇಕಲ್ಲ, ಸ್ವಲ್ಪ ಟೈಮ್ ಬೇಕು ಮಾರಾಯ್ರೆ. ಆಟ ಮುಗ್ದು ತೆಂಗಿನೆಣ್ಣೆ ಹಾಕಿ ಮುಖ ಒರೆಸಿ ಮನೆಗೆ ಹೋಗುವಾಗ ಒಂದು ಗಂಟೆ. ಎಷ್ಟು ತಿಕ್ಕಿದ್ರೂ ಕಣ್ಣಿನ ಅಂಚಲ್ಲಿ ಕಾಡಿಗೆ ಉಳೀತದೆ, ಬೆಳಿಗ್ಗೆ ಕೌಂಟರಿಗೆ ಬಂದ ಅಜ್ಜಿಯೊಬ್ರು ಅದನ್ನೇ ನೋಡಿ "ನಿನ್ನೆ ಎಲ್ಲಿ ಆಟ ಮಗಾ" ಅಂತ ಕೇಳ್ತಾರೆ. ಆ ಅಜ್ಜಿಗೆ ನನ್ನ ಹೆಸ್ರು ಗೊತ್ತಿಲ್ಲ, ವೇಷ ಗೊತ್ತುಂಟು.

ಒಂದು ಗುಟ್ಟು ಹೇಳ್ತೇನೆ, ಹಳೇ ಪ್ರೇಕ್ಷಕರು ಬೈಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬೇಡ ಅನ್ನುವ 2000ದ ಶಬ್ದಮಾಲಿನ್ಯ ನಿಯಮದ ಬಿಸಿ ತಾಗಿ ಈಗ ಬೆಳಗಿನ ತನಕ ಆಡದೆ ಕೆಲವೇ ಗಂಟೆಯಲ್ಲಿ ಮುಗಿಸುವ ಕಾಲಮಿತಿ ಆಟ ಜಾಸ್ತಿ ಆಗಿದೆ, ಬೆಳಗಿನ ಸೊಗಸೇ ಹೋಯ್ತು ಅಂತ ಎಲ್ರೂ ಬೇಜಾರು ಮಾಡ್ತಾರೆ, ನಾನೂ ಅವ್ರ ಜೊತೆ ತಲೆ ಆಡಿಸ್ತೇನೆ, ಆದ್ರೆ ಒಳಗೊಳಗೆ ಖುಷಿ. ಇಡೀ ರಾತ್ರಿ ಕುಣಿದು ಬೆಳಿಗ್ಗೆ ಕೆಲ್ಸಕ್ಕೆ ಹೋಗ್ಲಿಕ್ಕೆ ನನ್ನಂಥವ್ರಿಂದ ಆಗ್ತಿರ್ಲಿಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ಕಥೆ ನಡೆಸುವ ತಾಳಮದ್ದಳೆಯಲ್ಲಾದ್ರೆ ಬಣ್ಣದ ಕಾಟ ಇಲ್ಲ, ಹಾಗಾಗಿ ಅಲ್ಲಿ ನೌಕರಿಯವ್ರು ಮೊದ್ಲಿಂದಲೂ ಜಾಸ್ತಿ, ಡಾ. ಎಂ. ಪ್ರಭಾಕರ ಜೋಶಿಯವರು ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡ್ಕೊಂಡೇ ದೊಡ್ಡ ಅರ್ಥಧಾರಿ (ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವವ್ರು) ಆದವ್ರು. ಅವ್ರಿಗೆ "ನಿಮ್ಗೆ ಸಂಬಳ ಉಂಟಲ್ಲ" ಅಂತ ಯಾರಾದ್ರೂ ಹೇಳಿದ್ರೋ ಏನೋ.

ಈಗ ದುಡ್ಡಿನ ವಿಷ್ಯ. ಸಂಘಟಕರು ಶಾಮಿಯಾನದವ್ರಿಗೆ, ಮೈಕಿನವ್ರಿಗೆ, ಊಟದವ್ರಿಗೆ ದುಡ್ಡು ಕೊಡ್ತಾರೆ, ವೇಷಭೂಷಣದ ಬಾಡಿಗೆ ಕೊಡ್ತಾರೆ. ಹಾಡುವ ಭಾಗವತರಿಗೆ, ಚೆಂಡೆ ಮದ್ದಳೆಯ ಹಿಮ್ಮೇಳಕ್ಕೂ ಕೊಡ್ತಾರೆ, ಕೊಡ್ದೆ ಅವ್ರು ಬರುದಿಲ್ಲ. ವೇಷ ಹಾಕಿದವನಿಗೆ ಮಾತ್ರ ಶಾಲು, ಹಾರ, ಸ್ಮರಣಿಕೆ. ನಮ್ಮನೆ ಕಪಾಟಲ್ಲಿ ಶಾಲು ಇಡ್ಲಿಕ್ಕೆ ಜಾಗ ಇಲ್ಲ, ಹೆಂಡ್ತಿ ಅದ್ರಲ್ಲಿ ದಿಂಬಿನ ಕವರ್ ಹೊಲ್ಸಿದ್ದಾಳೆ.

ಇನ್ನು ಕೆಲವ್ರು ಬೇರೆ ದಾರಿ ಹಿಡೀತಾರೆ, "ನೀವು ಸರ್ಕಾರಿ ನೌಕರರು, ದುಡ್ಡು ಮುಟ್ಟುವಂತಿಲ್ಲ ಅಲ್ವಾ" ಅಂತ ನಮ್ಮ ಮೇಲೆ ಕಾಳಜಿ ಇದ್ದವ್ರ ಹಾಗೆ ಹೇಳ್ತಾರೆ. ಇದಕ್ಕೆ ಸರಿಯಾಗಿ ಉತ್ತರ ಕೊಡ್ಬೇಕು ಅಂತ್ಲೇ ಈ ಪತ್ರ. ಕೇಂದ್ರ ನೌಕರರ 1964ರ ನಡತೆ ನಿಯಮದಲ್ಲಿ 15ನೇ ನಿಯಮ ಓದಿ. ಆಫೀಸ್ ಕೆಲ್ಸಕ್ಕೆ ತೊಂದ್ರೆ ಆಗದ ಹಾಗೆ ಆಗೊಮ್ಮೆ ಈಗೊಮ್ಮೆ ಸಾಹಿತ್ಯ, ಕಲೆ, ವಿಜ್ಞಾನದ ಕೆಲ್ಸ ಮಾಡ್ಲಿಕ್ಕೆ ಮೊದ್ಲೇ ಅನುಮತಿ ಬೇಡ, ಅದಕ್ಕೆ ಶುಲ್ಕ ತಗೊಳ್ಬೇಕಾದ್ರೆ ಮಾತ್ರ ಮೇಲಧಿಕಾರಿಗಳ ಮಂಜೂರಾತಿ ಬೇಕು. ಅಂದ್ರೆ ಅರ್ಜಿ ಕೊಟ್ಟು ತಗೊಳ್ಬಹುದು. ತಗೊಳ್ಳಲೇಬಾರ್ದು ಅಂತ ಎಲ್ಲೂ ಬರ್ದಿಲ್ಲ. ಬ್ಯಾಂಕಿನವ್ರಿಗೆ, ರಾಜ್ಯದ ನೌಕರರಿಗೆ ಬೇರೆ ನಿಯಮ ಉಂಟು, ಅವ್ರವ್ರು ನೋಡ್ಕೊಳ್ಳಲಿ.

ಆದ್ರೆ ನಾನು ದುಡ್ಡು ಕೇಳ್ಲಿಕ್ಕೆ ಶುರು ಮಾಡಿದ್ದು ನಿಯಮ ಓದಿ ಅಲ್ಲ. ಒಂದು ಮಳೆಗಾಲ ಹಾಲ್ ಒಂದರಲ್ಲಿ ಆಟ ಇತ್ತು, ಪಕ್ಕದಲ್ಲಿ ಮೇಳದ (ವೃತ್ತಿ ತಂಡದ) ಒಬ್ರು ಹಿರಿಯ ವೇಷಧಾರಿ ಮುಂಡಾಸು ಕಟ್ತಾ ಇದ್ರು. ಮೇಳದವ್ರ ತಿರುಗಾಟ ದೀಪಾವಳಿ ಕಳ್ದು ಶುರುವಾದ್ರೆ ಮೇ ತಿಂಗಳ ಕೊನೆಗೆ ಗೆಜ್ಜೆ ಬಿಚ್ಚುವ ತನಕ, ಆಮೇಲೆ ಮಳೆಗಾಲ ಪೂರ್ತಿ ಅವ್ರಿಗೆ ಇಂಥ ಹಾಲಿನ ಆಟ, ಬೆಂಗಳೂರು ಮುಂಬೈ ಟೂರು, ಕೆಲವ್ರು ಚಿಕ್ಕಮೇಳ ಅಂತ ನಾಲ್ಕಾರು ಜನರ ಸಣ್ಣ ತಂಡ ಕಟ್ಟಿ ಸಂಜೆ ಮನೆ ಮನೆಗೆ ಹೋಗ್ತಾರೆ. ಅವ್ರು ಕನ್ನಡಿ ನೋಡ್ತಾ ತಣ್ಣಗೆ ಹೇಳಿದ್ರು, "ಈ ವೇಷಕ್ಕೆ ಹೋದ ವರ್ಷ ನನ್ನ ತಮ್ಮನನ್ನ ಕರ್ದಿದ್ರು, ಈ ವರ್ಷ ನೀವು ಸಿಕ್ಕಿದ್ರಿ, ನಿಮ್ಗೆ ಕೊಡ್ಲಿಕ್ಕಿಲ್ಲ ಅಲ್ವಾ." ಬೇಜಾರು ಮಾಡಿ ಹೇಳಿದ್ದೂ ಅಲ್ಲ. ನನಗೆ ಆ ದಿನ ರಂಗದಲ್ಲಿ ಎರಡು ಸಲ ಮಾತು ತಪ್ಪಿತು.

ನಾನು ಪುಕ್ಕಟೆ ಕುಣಿದ್ರೆ ನನಗೆ ಹೋಗುವುದು ಪೆಟ್ರೋಲು, ನಿದ್ದೆ ಅಷ್ಟೇ, ಅವ್ರ ಮನೆಯಲ್ಲಿ ಜುಲೈ ತಿಂಗಳ ಅಕ್ಕಿ ಹೋಗ್ತದೆ. ಹಾಗಾಗಿ ಈಗ ನಾನು ಕಡಿಮೆಯೂ ಹೇಳುದಿಲ್ಲ, ಮೇಳದವ್ರಿಗೆ ಎಷ್ಟು ಕೊಡ್ತೀರಿ ಅಷ್ಟೇ ಕೊಡಿ, ಮಂಜೂರಾತಿ ನಾನು ತರ್ತೇನೆ, ಜಾಸ್ತಿ ಆಯ್ತು ಅನ್ಸಿದ್ರೆ ಅವ್ರನ್ನೇ ಕರೀರಿ ಅಂತೇನೆ. ಇದ್ರಿಂದ ನನಗೆ ವೇಷ ಕಡಿಮೆ ಆಗಿದೆ, ಸುಳ್ಳು ಹೇಳುದಿಲ್ಲ. ನಮ್ಮಲ್ಲೇ ಕೆಲವ್ರು ಸಂಘಟಕರಿಗೆ ತಾವೇ ದುಡ್ಡು ಕೊಟ್ಟು ಅಭಿಮನ್ಯು ಮಾಡ್ತಾರೆ, ಫೋಟೋಗ್ರಾಫರನ್ನೂ ಕರ್ಕೊಂಡು ಬರ್ತಾರೆ, ಅವ್ರ ಜೊತೆ ಕಾಂಪಿಟೇಶನ್ ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ.

ಪತ್ರ ಬರೆದ ಮಹನೀಯರು ಸಂಘಟಕರೇ ಇರ್ಬೇಕು ಅಂತ ನನ್ನ ಅನುಮಾನ. ಆಗಿದ್ರೆ ಮುಂದಿನ ಆಟದ ಬಜೆಟ್ ಬರೆಯುವಾಗ ಶಾಲಿನ ಖರ್ಚು ತೆಗ್ದು ಆ ಸಾಲಲ್ಲಿ ವೇಷಧಾರಿಗಳ ಸಂಭಾವನೆ ಅಂತ ಬರೀಲಿ. ಮತ್ತೆ ಆಟ ಏಳು ಗಂಟೆಗೆ ಶುರು ಮಾಡಿದ್ರೆ ಉಪಕಾರ, ಆರಕ್ಕೆ ಅಂದ್ರೆ ನನಗೆ ಅರ್ಧ ದಿನ ರಜೆ ಹೋಗ್ತದೆ.

— ಒಬ್ಬ ಹವ್ಯಾಸಿ ವೇಷಧಾರಿ, ಕುಂದಾಪುರ