ನೀರಿನ ಬಗ್ಗೆ ನೀನು ಬರೆದ ಆ ಸಾಲು

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮಾಲ್ಡೀವ್ಸ್ ಪ್ರಯಾಣ, ಅಳಿಯಂದಿರು ಕಾದಿರಿಸಿರುವ ರೆಸಾರ್ಟ್, ಅತ್ತೆ ಮಾವನವರೂ ಜೊತೆಗೆ ಹೊರಟಿರುವುದು, ಎಲ್ಲವನ್ನೂ ಓದಿ ಸಂತೋಷಪಟ್ಟೆ. ಕೊನೆಯಲ್ಲಿ ಮಾತ್ರ ‘ಸುತ್ತಲೂ ನೀರು ದೊಡ್ಡಮ್ಮ, ಒಂದು ಗಳಿಗೆ ಕಣ್ಣು ತಪ್ಪಿದರೆ?’ ಎಂದು ಬರೆದಿದ್ದೀಯಲ್ಲ, ಅಲ್ಲಿಂದ ಮುಂದಕ್ಕೆ ಹೋಗಲಾಗಲಿಲ್ಲ. ಉಳಿದದ್ದಕ್ಕೆ ಆಮೇಲೆ ಉತ್ತರ ಬರೆಯುತ್ತೇನೆ.

ಹೊಳೆಯ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನೀನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ನಡೆದದ್ದು ಇಂದು ನಿನ್ನ ಸಾಲಿನಲ್ಲಿ ಬಂದು ಕುಳಿತಿದೆಯಲ್ಲ ಎಂಬುದೇ ನನ್ನನ್ನು ಕಲಕಿದ್ದು. ನಿನ್ನ ಅಮ್ಮ ಅದನ್ನು ನಿನಗೆ ಕೂರಿಸಿಕೊಂಡು ಹೇಳಿರಲಾರಳು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಲಿಲ್ಲ. ಮಕ್ಕಳು ಬಾವಿಕಟ್ಟೆಯ ಕಡೆಗೆ ಹೆಜ್ಜೆ ಹಾಕಿದರೆ ದೊಡ್ಡವರ ದನಿ ಏರುತ್ತಿತ್ತು, ಅಷ್ಟೇ. ಈಜು ಕಲಿಯುವ ಮಾತೇ ಬರಲಿಲ್ಲ. ನನ್ನ ಅಕ್ಕತಂಗಿಯರಲ್ಲಿ ಒಬ್ಬಳಿಗೂ ಈಜು ಬರದು. ನಿನಗೂ ಬರದು ಎಂದುಕೊಂಡಿದ್ದೇನೆ.

‘ಹೆದರಬೇಡ’ ಎಂದು ನಾನು ಬರೆಯಲಾರೆ ಪುಟ್ಟಿ. ಮೂರು ವರ್ಷದ ಮಗುವನ್ನು ನೀರಿನ ನಡುವೆ ಕರೆದುಕೊಂಡು ಹೋಗುವ ತಾಯಿ ಹೆದರಲೇಬೇಕು. ನೀನು ಹೆದರಿರುವುದು ಸಮುದ್ರಕ್ಕೆ. ನಾನು ಹೆದರುವುದು ವಿಲ್ಲಾದ ಹಿಂದಿರುವ ಪುಟ್ಟ ಈಜುಕೊಳಕ್ಕೆ.

ಹಿಂದೊಮ್ಮೆ ಮಗ ಸೊಸೆಯ ಜೊತೆ ನಾನೂ ಆ ಕಡೆಯ ದ್ವೀಪವೊಂದರಲ್ಲಿ ಉಳಿದಿದ್ದೆನಲ್ಲ, ಅದನ್ನು ನೋಡಿಯೇ ಹೇಳುತ್ತಿದ್ದೇನೆ. ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಸುತ್ತಲಿನ ಹವಳದ ದಿಬ್ಬ ದೊಡ್ಡ ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಗಿನ ಲಗೂನ್, ಅಂದರೆ ದಿಬ್ಬದೊಳಗಿನ ಆಳವಿಲ್ಲದ ನೀರು, ಬಹುಪಾಲು ಶಾಂತವಾಗಿರುತ್ತದೆ. ಸಮುದ್ರಕ್ಕೆ ಇಳಿಯುವಾಗ ಮನೆಯವರೆಲ್ಲ ಎಚ್ಚರವಾಗಿಯೇ ಇರುತ್ತಾರೆ, ಮಗುವಿನ ಕೈ ಯಾರಾದರೂ ಹಿಡಿದಿರುತ್ತಾರೆ. ಕೊಳ ಹಾಗಲ್ಲ. ಗಾಜಿನ ಬಾಗಿಲು ಸರಿಸಿದರೆ ನಾಲ್ಕು ಹೆಜ್ಜೆಗೆ ನೀರು. ನೋಟ ಕೆಡುತ್ತದೆಂದು ಎಷ್ಟೋ ಕಡೆ ಸುತ್ತ ಬೇಲಿಯನ್ನೂ ಹಾಕಿರುವುದಿಲ್ಲ. ಬಂದ ದಿನ ಸೂಟ್‌ಕೇಸ್ ಬಿಚ್ಚುವ ಹೊತ್ತು, ಊಟವಾಗಿ ದೊಡ್ಡವರು ಅಡ್ಡಾದ ಹೊತ್ತು, ಒಬ್ಬರು ಸ್ನಾನಕ್ಕೆ ಹೋಗಿ ಇನ್ನೊಬ್ಬರು ಫೋನಿನಲ್ಲಿ ಮಾತಾಡುತ್ತಿರುವ ಹೊತ್ತು, ಇವೇ ನನಗೆ ಭಯ ಹುಟ್ಟಿಸುವ ಹೊತ್ತುಗಳು.

ಇನ್ನೊಂದು ಮಾತು, ಬರೆಯಲು ಕೈ ಬಾರದಿದ್ದರೂ ಬರೆಯುತ್ತೇನೆ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗಾಗಿ ಒದ್ದಾಡುವ ಬಾಯಿಗೆ ಕೂಗಲು ಆಗುವುದಿಲ್ಲ. ಕೈ ಬೀಸಿ ಕರೆಯುವುದೂ ಇಲ್ಲ. ಸದ್ದಾದರೆ ಓಡಿಹೋಗುತ್ತೇನೆ ಎಂದು ಪಕ್ಕದ ಕೋಣೆಯಲ್ಲಿ ಇರಬೇಡ. ಆ ದಿನ ನಮಗೂ ಏನೂ ಕೇಳಿಸಿರಲಿಲ್ಲ.

ಅತ್ತೆ ಮಾವ ಇದ್ದಾರೆ, ನಾಲ್ಕು ಜೋಡಿ ಕಣ್ಣುಗಳಿರುತ್ತವೆ ಎಂದು ಅಳಿಯಂದಿರು ಧೈರ್ಯ ಹೇಳಿರುವುದು ಸಹಜವೇ. ಆದರೆ ಜನ ಹೆಚ್ಚಿದ ಕಡೆ ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಹಾಗಾಗಿ ಇಂಥ ಹೊತ್ತಿಗೆ ಇಂಥವರು ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ನೋಡುವ ಸರದಿ ಯಾರದೋ ಅವರ ಕೈಯಲ್ಲಿ ಮೊಬೈಲ್ ಬೇಡ, ಪುಸ್ತಕವೂ ಬೇಡ. ಮಗು ನೀರಿನಲ್ಲಿದ್ದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು. ಎದ್ದು ಹೋಗುವುದಿದ್ದರೆ ‘ಈಗ ನೀವು ನೋಡಿ’ ಎಂದು ಹೇಳಿ, ಅವರು ‘ಆಯಿತು’ ಎಂದ ಮೇಲೆಯೇ ಏಳಬೇಕು. ಅತ್ತೆಯವರಿಗೆ ಇದನ್ನು ಹೇಳಲು ನಿನಗೆ ಮುಜುಗರವಾದರೆ ದೊಡ್ಡಮ್ಮ ಬರೆದಿದ್ದಾರೆ ಎಂದು ನನ್ನ ಮೇಲೆ ಹಾಕು.

ಹಿಂದೆ ನಾನು ಉಳಿದಿದ್ದ ಆ ದ್ವೀಪದಲ್ಲಿ ಮೊಮ್ಮಗ ಮೊಣಕಾಲುದ್ದದ ನೀರಿನಲ್ಲಿ ನಿಂತು ‘ಅಜ್ಜಿ ಬಾ, ಮೀನು ನೋಡು’ ಎಂದು ಕರೆಯುತ್ತಿದ್ದ. ರೆಕ್ಕೆಯ ತುದಿ ಕಪ್ಪಗಿರುವ, ಮೊಳದುದ್ದದ ಶಾರ್ಕ್ ಮರಿಗಳು ದಡದ ತೀರಾ ಹತ್ತಿರ ಸುಳಿದಾಡುತ್ತವೆ, ಜನರನ್ನು ಕಂಡರೆ ಅವೇ ದೂರ ಸರಿಯುತ್ತವೆ. ಅವನಿಗೆ ಅದೊಂದು ಹಬ್ಬ. ನಾನು ಮರಳಿನ ಮೇಲೆ ಕುರ್ಚಿಯಲ್ಲಿ ಕುಳಿತು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ, ಆದರೆ ಪಾದ ನೆನೆಸಲೂ ಏಳಲಿಲ್ಲ. ದಿನವೂ ಕರೆದ. ಆಮೇಲೆ ಕರೆಯುವುದನ್ನು ಬಿಟ್ಟ. ಈಗ ಅವನು ನನ್ನ ಭುಜಕ್ಕಿಂತ ಎತ್ತರವಾಗಿದ್ದಾನೆ, ಅಜ್ಜಿಯನ್ನು ಕರೆಯುವ ವಯಸ್ಸು ದಾಟಿದೆ. ಆ ನೀರು ನಿಜವಾಗಿಯೂ ಬೆಚ್ಚಗಿತ್ತಂತೆ. ಇಷ್ಟು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ. ನೀನು ಕೋಣೆಯಲ್ಲೇ ಕುಳಿತಿರುತ್ತೇನೆ ಎಂದು ಬರೆದದ್ದನ್ನು ಓದಿದಾಗ ಮೊದಲು ನೆನಪಾದದ್ದು ಆ ಕುರ್ಚಿ. ನೀನು ನೀರಿಗೆ ಇಳಿ, ಮಗುವಿನ ಪಕ್ಕದಲ್ಲಿ ಇಳಿ. ಇನ್ನೂ ಸಮಯವಿದ್ದರೆ ಹೊರಡುವ ಮುಂಚೆ ನೀನೂ ನಿನ್ನ ದೊಡ್ಡ ಮಗಳೂ ಈಜು ಕಲಿಯಲು ಸೇರಿಕೊಳ್ಳಿ. ಪೂರ್ತಿ ಬರದಿದ್ದರೂ ತೇಲುವುದಷ್ಟು ಬಂದರೆ ಸಾಕು.

ಇನ್ನು ಸಣ್ಣಪುಟ್ಟ ಮಾತುಗಳು. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೇಸರಿಸಬೇಡ. ನೀರಿನ ಮೇಲೆ ಕಂಬಗಳ ಮೇಲೆ ನಿಂತ ವಿಲ್ಲಾ ಚಿತ್ರದಲ್ಲಿ ಚಂದ, ಆದರೆ ಅದರ ಜಗುಲಿಯಿಂದ ಮೆಟ್ಟಿಲು ನೇರ ಸಮುದ್ರಕ್ಕಿಳಿಯುತ್ತದೆ. ಚಿಕ್ಕ ಮಕ್ಕಳಿದ್ದರೆ ಅವನ್ನು ಕೊಡದ ರೆಸಾರ್ಟ್‌ಗಳೂ ಇವೆ. ದಡದ ಮೇಲಿನದನ್ನೇ ಕೇಳಿ. ಮಕ್ಕಳಿಗೆ ಕಿತ್ತಳೆ, ಗಾಢ ಗುಲಾಬಿ, ಹೀಗೆ ಕಣ್ಣಿಗೆ ಹೊಡೆಯುವ ಬಣ್ಣದ ಈಜುಡುಗೆ ಕೊಳ್ಳು, ನೀಲಿ ಬಟ್ಟೆ ನೀರಿನೊಳಗೆ ಕಾಣುವುದೇ ಇಲ್ಲ. ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್ ಇಲ್ಲಿಂದಲೇ ಒಯ್ಯಿರಿ. ತೋಳಿಗೆ ಹಾಕುವ ಗಾಳಿ ತುಂಬಿದ ಪಟ್ಟಿಗಳನ್ನು ನೆಚ್ಚಬೇಡ, ಅವು ಆಟದ ಸಾಮಾನು. ತಿಳಿಹಸಿರು ನೀರು ಥಟ್ಟನೆ ಕಡುನೀಲಿಯಾಗುವ ಕಡೆ ಹವಳದ ದಿಬ್ಬ ಮುಗಿದು ಆಳ ಶುರುವಾಗುತ್ತದೆ. ದೊಡ್ಡವಳಿಗೆ ಮೊದಲ ದಿನವೇ ಆ ಗೆರೆಯನ್ನು ತೋರಿಸಿಬಿಡು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಅಲ್ಲಿ ನೈರುತ್ಯ ಮಳೆಗಾಲ, ಗಾಳಿ ಮತ್ತು ಅಲೆ ಹೆಚ್ಚು. ಬೆಲೆ ಇಳಿದಿದೆ ಎಂದು ಆಗ ಹೋಗುವುದು ನನಗೆ ಮನಸ್ಸಿಲ್ಲ, ಆದರೆ ಶಾಲೆಯ ರಜೆ ನೋಡಿಕೊಳ್ಳಬೇಕಾದವರು ನೀವು.

ಮತ್ತೆ ನನ್ನ ಭಯದ ಮಾತಿಗೇ ಬರುತ್ತೇನೆ. ದೂರದ ದ್ವೀಪಗಳಿಗೆ ಕರೆದೊಯ್ಯುವ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ವಿಮಾನ, ಹಗಲಿನಲ್ಲಿ ಮಾತ್ರ ಹಾರುತ್ತದೆ. ದೂರದ ದ್ವೀಪವಾದರೆ, ರಾತ್ರಿ ಏನಾದರೂ ಆದಾಗ ದೊಡ್ಡ ಆಸ್ಪತ್ರೆ ಇರುವ ರಾಜಧಾನಿ ಮಾಲೆಗೆ ಬಹುಮಟ್ಟಿಗೆ ದೋಣಿಯಲ್ಲೇ ಹೋಗಬೇಕಾಗುತ್ತದೆ. ಸ್ಪೀಡ್‌ಬೋಟಿನಲ್ಲಿ ಬೇಗ ಮಾಲೆ ತಲುಪುವಂಥ ದ್ವೀಪ ಸಿಕ್ಕಿದರೆ ನನ್ನ ಮನಸ್ಸು ನಿರಾಳ. ಅಳಿಯಂದಿರು ಕಾದಿರಿಸಿರುವುದು ಯಾವುದೆಂದು ನೀನು ಬರೆದಿಲ್ಲ.

ಈ ವಾರವೇ ರೆಸಾರ್ಟಿಗೆ ಬರೆದು ಕೇಳಿ: ಕೊಳಕ್ಕೆ ಬೇಲಿ ಅಥವಾ ಬೀಗವಿರುವ ಬಾಗಿಲು ಇದೆಯೇ, ಇಲ್ಲದಿದ್ದರೆ ಕೊಳವಿಲ್ಲದ ವಿಲ್ಲಾ ಕೊಡುತ್ತಾರೆಯೇ, ದಡದಲ್ಲಿ ಜೀವರಕ್ಷಕರು ಯಾವ ಹೊತ್ತಿನಲ್ಲಿರುತ್ತಾರೆ, ದ್ವೀಪದಲ್ಲೇ ವೈದ್ಯರಿದ್ದಾರೆಯೇ. ಉತ್ತರ ಬಂದ ಕೂಡಲೇ ನನಗೆ ತಿಳಿಸು. ಕೊಳದ ವಿಷಯದಲ್ಲಿ ಅವರು ಹಾರಿಕೆಯ ಉತ್ತರ ಕೊಟ್ಟರೆ ಮುಂಗಡದ ಹಣ ಹೋದರೂ ಹೋಗಲಿ, ಬೇರೆ ದ್ವೀಪ ನೋಡಿ. ಆ ನಷ್ಟವನ್ನು ನಾನು ಕೊಡುತ್ತೇನೆ, ಅಳಿಯಂದಿರಿಗೆ ಹೇಳಬೇಡ.

ಇಂತಿ,
ನಿನ್ನ ದೊಡ್ಡಮ್ಮ