ಪಾಪುಗೂ ಹಾಗೇ ಆಗುತ್ತಾ ಅಂತ ಕೇಳಿದ್ದಕ್ಕೆ

ಪ್ರೀತಿಯ ಪುಟ್ಟಿ,

ಪಾಪುಗೂ ಸಿಕಲ್ ಸೆಲ್ ಕಾಯಿಲೆ ಇದೆ ಅಂತ ತಿಳಿಸಿದ ನಿನ್ನ ಪತ್ರ ಬಂತು. ಕೊನೆಯಲ್ಲಿ "ದೊಡ್ಡಮ್ಮ, ಪಾಪುಗೂ ದೊಡ್ಡಣ್ಣನ ಥರಾನೇ ಆಗುತ್ತಾ?" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ.

ರಕ್ತದ ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗಿ ನೋವು ಕೊಡೋ ಈ ಸಿಕಲ್ ಸೆಲ್ ಅಂದರೇನು ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ನೀನು ದೊಡ್ಡಣ್ಣನನ್ನು ಮಾತ್ರ ನೆನೆಸಿಕೊಂಡೆ. ಚಿಕ್ಕಣ್ಣನಿಗೂ ಅದೇ ಕಾಯಿಲೆ ಅಲ್ವಾ? ಅವನಿಗೂ ನನ್ನಿಂದ ಒಂದು, ನಿನ್ನ ದೊಡ್ಡಪ್ಪನಿಂದ ಒಂದು ಬಂದ ಅದೇ ಎರಡು ಸಿಕಲ್ ಜೀನ್. ಆದರೂ ಅವನು ಆಸ್ಪತ್ರೆ ಸೇರಿದ್ದು ಬೆರಳೆಣಿಕೆಯಷ್ಟು ಸಲ.

ಇದು ಯಾಕೆ ಹೀಗೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಯಾರಿಗೂ ಹೇಳದ ಒಂದು ಮಾತು ನಿನಗೆ ಹೇಳುತ್ತೇನೆ. ಒಂದು ರಾತ್ರಿ ದೊಡ್ಡವನು ಮೊಣಕಾಲು ಹಿಡಿದುಕೊಂಡು, ಗೋಡೆಗೆ ಹಣೆ ಒತ್ತಿ ಅಳುತ್ತಿದ್ದ. ಮೂರು ದಿನದಿಂದ ನಾನೂ ಮಲಗಿರಲಿಲ್ಲ. "ನಿನ್ನ ತಮ್ಮನಿಗೂ ಇದೇ ಇರೋದು, ಅವನು ಹೀಗೆ ಅಳ್ತಾನಾ?" ಅಂದುಬಿಟ್ಟೆ. ಅವನು ತಕ್ಷಣ ಸುಮ್ಮನಾದ. ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡ. ಆಮೇಲೆ ಎಷ್ಟೋ ಸಲ ನೋವನ್ನು ನನ್ನಿಂದ ಮುಚ್ಚಿಟ್ಟ.

ವರ್ಷಗಳಾದ ಮೇಲೆ ಒಬ್ಬ ಡಾಕ್ಟರು ಇಬ್ಬರ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು, ಹಿಮೋಗ್ಲೋಬಿನ್ ಎಫ್ ಅನ್ನೋ ಸಾಲಿನ ಮೇಲೆ ಪೆನ್ನು ಇಟ್ಟರು. ದೊಡ್ಡವನದು ಶೇಕಡಾ 4. ಚಿಕ್ಕವನದು 21. ಅದು ಮಗು ಹೊಟ್ಟೆಯಲ್ಲಿದ್ದಾಗ ಇರೋ ಹಿಮೋಗ್ಲೋಬಿನ್. ಅದು ಇದ್ದಷ್ಟೂ ಕಣಗಳು ಕುಡುಗೋಲಿನ ಹಾಗೆ ಬಾಗೋದು ಕಡಿಮೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಕ್ಕಳಿಗೆ ತೊಂದರೆ ಕಾಣದಿರೋದಕ್ಕೆ ಇದೇ ಕಾರಣ ಇರಬೇಕು ಅಂತ ಜಾನೆಟ್ ವಾಟ್ಸನ್ ಅನ್ನೋ ಡಾಕ್ಟರು 1948ರಲ್ಲೇ ಹೇಳಿದ್ದರಂತೆ. ನನ್ನ ಮಗ ಅಳುವ ಹೊತ್ತಿಗೆ ಇದು ಎಷ್ಟೋ ಹಳೇ ಮಾತು. ನನ್ನ ಕಿವಿಗೆ ಮಾತ್ರ ಬಿದ್ದಿರಲಿಲ್ಲ.

ಮಗು ಬೆಳೆದಂತೆ ಆ ಹಿಮೋಗ್ಲೋಬಿನ್ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನೋದರಲ್ಲಿ ಬಿಸಿಎಲ್11ಎ ಅನ್ನೋ ಜೀನಿನ ಪಾತ್ರ ದೊಡ್ಡದು. ಅದು 2ನೇ ಕ್ರೋಮೋಸೋಮಿನಲ್ಲಿದೆ, ಸಿಕಲ್ ಜೀನ್ 11ನೆಯದರಲ್ಲಿ. ಬೇರೆ ಬೇರೆ ಕ್ರೋಮೋಸೋಮಿನಲ್ಲಿರೋದರಿಂದ ಎರಡೂ ಒಟ್ಟಿಗೇ ಬರಬೇಕಂತಿಲ್ಲ. ಹಾಗಾಗಿ ಸಿಕಲ್ ಜೀನ್ ಒಂದೇ ಥರ ಬಂದರೂ ಬಿಸಿಎಲ್11ಎ ಬೇರೆ ಬೇರೆ ಥರ ಬರಬಹುದು, ಒಂದೇ ತಾಯಿಯ ಮಕ್ಕಳಿಗೂ. ಪಾಪುಗೆ ನಿನ್ನಿಂದ ಏನು ಬಂದಿದೆ, ಅವರಪ್ಪನಿಂದ ಏನು ಬಂದಿದೆ, ಅದು ದೊಡ್ಡಣ್ಣನನ್ನು ನೋಡಿ ಹೇಳೋ ವಿಷಯವೇ ಅಲ್ಲ ಪುಟ್ಟಿ.

ಆಲ್ಫಾ ಥಲಸ್ಸೇಮಿಯಾ ಅಂತ ಇನ್ನೊಂದಿದೆ. ಹಿಮೋಗ್ಲೋಬಿನ್ ತಯಾರಿಸೋ ನಾಲ್ಕು ಆಲ್ಫಾ ಜೀನ್‌ಗಳಲ್ಲಿ ಒಂದೆರಡು ಇಲ್ಲದಿದ್ದರೆ ರಕ್ತಕಣ ಒಡೆಯೋದು ಕಡಿಮೆ, ಪಾರ್ಶ್ವವಾಯುವಿನ ಭಯವೂ ಕಡಿಮೆ. ಆದರೆ ನೋವು ಕಡಿಮೆಯಾಗಲ್ಲ, ಕೆಲವರಿಗೆ ಸೊಂಟದ ಮೂಳೆ ತೊಂದರೆ ಜಾಸ್ತಿಯೂ ಆಗಬಹುದು. ಪೂರ್ತಿ ಒಳ್ಳೇದು ಅಂತ ಹೇಳಿ ನಿನಗೆ ಸುಳ್ಳು ಧೈರ್ಯ ಕೊಡಲಾರೆ.

ಹೇಳೋಕೆ ನಾನ್ಯಾರು ಅನ್ನಿಸುತ್ತದೆ, ಆದರೂ ಹೇಳುತ್ತೇನೆ. ಈಗ ಪಾಪುವಿನ ಎಫ್ ಎಷ್ಟಿದೆ ಅಂತ ನೋಡಿ ಹಿಗ್ಗಬೇಡ. ಈ ವಯಸ್ಸಿಗೆ ಎಲ್ಲ ಮಕ್ಕಳಿಗೂ ಜಾಸ್ತಿಯೇ. ಐದು ವರ್ಷ ದಾಟಿದ ಮೇಲಿನ ಲೆಕ್ಕ ನಿಜಕ್ಕೆ ಹತ್ತಿರ. ಜ್ವರ ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡ, ಆ ರಾತ್ರಿಯೇ ಹೊರಡು. ನಾನು ಒಂದು ಸಲ ಕಾದಿದ್ದೆ. ಪೆನ್ಸಿಲಿನ್, ಲಸಿಕೆ ನೀನು ತಪ್ಪಿಸಲ್ಲ, ಗೊತ್ತು. ಎಫ್ ಏರಿಸೋ ಹೈಡ್ರಾಕ್ಸಿಯೂರಿಯಾ ಅನ್ನೋ ಮಾತ್ರೆಯನ್ನು ಈಗ ಒಂಬತ್ತು ತಿಂಗಳ ಮಗುವಿಗೂ ಶುರು ಮಾಡುತ್ತಾರಂತೆ. ಡಾಕ್ಟರನ್ನು ಕೇಳು. ದೊಡ್ಡಣ್ಣನಿಗೆ ಅದು ಸಿಗುವ ಹೊತ್ತಿಗೆ ತಡವಾಗಿತ್ತು.

ಪಾಪುಗೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲ. ದೊಡ್ಡಣ್ಣನ ಥರಾನೇ ಆಗಲೇಬೇಕು ಅಂತಿಲ್ಲ, ಅಷ್ಟು ಮಾತ್ರ ಗೊತ್ತು. ಇಬ್ಬರ ರಿಪೋರ್ಟ್‌ಗಳ ಫೈಲನ್ನೂ ಬೀರುವಿನಿಂದ ತೆಗೆದಿಟ್ಟಿದ್ದೇನೆ. ನಿಮ್ಮ ಡಾಕ್ಟರಿಗೆ ಬೇಕಾದರೆ ಹೇಳು, ನಾನೇ ತರುತ್ತೇನೆ. ಹಾಗೇ ನಾಲ್ಕು ದಿನ ನಿನ್ನ ಜೊತೆ ಇರುತ್ತೇನೆ. ರಾತ್ರಿ ಪಾಪು ಅತ್ತರೆ ನಾನು ಎತ್ತಿಕೊಳ್ಳುತ್ತೇನೆ, ನೀನು ಮಲಗು.

ನಿನ್ನ
ದೊಡ್ಡಮ್ಮ