ಹುಣ್ಣಿಮೆ ಚಂದ್ರನ ಛಾಯಾಗ್ರಹಣ: ಸದಸ್ಯರ ಗಮನಕ್ಕೆ

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಹುಣ್ಣಿಮೆಯಂದು ಚಂದ್ರೋದಯವು ಸೂರ್ಯಾಸ್ತದ ಆಸುಪಾಸಿನಲ್ಲೇ ಆಗುವುದರಿಂದ, ಮೈಸೂರಿನಲ್ಲಿರುವವರು ಪೂರ್ವ ದಿಕ್ಕು ತೆರೆದಿರುವ ತಾರಸಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಜೂನ್ ಆಸುಪಾಸಿನ ಹುಣ್ಣಿಮೆಯ ಚಂದ್ರ ಆಗ್ನೇಯದತ್ತ, ಅಂದರೆ ಚಾಮುಂಡಿ ಬೆಟ್ಟದ ಕಡೆಗೆ ವಾಲಿ ಹುಟ್ಟಿದರೆ, ಡಿಸೆಂಬರಿನ ಚಂದ್ರ ಈಶಾನ್ಯಕ್ಕೆ ಸರಿದಿರುತ್ತಾನೆ.

ಬಹುತೇಕರ ಚಿತ್ರದಲ್ಲಿ ಚಂದ್ರ ಬರಿಯ ಬಿಳಿ ಚುಕ್ಕೆಯಾಗಲು ಕಾರಣ, ಕ್ಯಾಮೆರಾ ಸುತ್ತಲಿನ ಕತ್ತಲೆಗೆ ತಕ್ಕಂತೆ ಬೆಳಕನ್ನು ಹೆಚ್ಚಿಸಿಕೊಳ್ಳುವುದು. ಚಂದ್ರನ ನೆಲ ಹಗಲಿನ ಬಿಸಿಲಿನಲ್ಲಿರುವ ನೆಲವೇ ಆದ್ದರಿಂದ, ಅವನು ಮೇಲೇರಿದ ನಂತರ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) ಎಫ್/11, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಶಟರ್ (ಬೆಳಕು ಒಳಬರುವ ಹೊತ್ತು) ಸೆಕೆಂಡಿನ 1/100 ಎಂದಿಟ್ಟು ಆರಂಭಿಸಿ. ದಿಗಂತದ ಬಳಿ ಮಂಕಾಗಿರುವಾಗ ಮಾತ್ರ ಇದಕ್ಕಿಂತ ಹೆಚ್ಚು ಬೆಳಕು ಬೇಕು. ಮೊಬೈಲ್ ಬಳಸುವವರು ಪರದೆಯ ಮೇಲೆ ಚಂದ್ರನನ್ನೇ ಒತ್ತಿ ಹಿಡಿದು, ಕಲೆಗಳು ಕಾಣುವವರೆಗೆ ಬೆಳಕನ್ನು ಇಳಿಸಬೇಕು. ಟ್ರೈಪಾಡ್ ಇದ್ದರೂ 2 ಸೆಕೆಂಡಿನ ಟೈಮರ್ ಇಡುವುದು ಒಳ್ಳೆಯದು, ಏಕೆಂದರೆ ಬೆರಳಿನ ಅದುರೇ ಚಿತ್ರ ಕೆಡಿಸಲು ಸಾಕು.

ಬೈನಾಕ್ಯುಲರ್ ಇರುವವರು ಚಂದ್ರನ ದಕ್ಷಿಣ ಭಾಗದ ಟೈಕೋ ಕುಳಿಯನ್ನೂ ಅದರಿಂದ ಹೊರಚೆಲ್ಲಿರುವ ಬಿಳಿ ಗೆರೆಗಳನ್ನೂ ತಪ್ಪದೆ ನೋಡಿ. ಕುಳಿಗಳ ಆಳ ತೋರುವ ನೆರಳುಗಳು ಹುಣ್ಣಿಮೆಯಂದು ಸಿಗುವುದಿಲ್ಲ. ನನ್ನ ಮಟ್ಟಿಗೆ ಅದಕ್ಕೆ ಅಷ್ಟಮಿಯೇ ಮೇಲು.

ವಾಟ್ಸಾಪ್ ಚಿತ್ರಗಳನ್ನು ಕುಗ್ಗಿಸುವುದರಿಂದ ದಯವಿಟ್ಟು ಡಾಕ್ಯುಮೆಂಟ್ ರೂಪದಲ್ಲೇ ಕಳುಹಿಸಿ.